ತಪ್ಪೊಪ್ಪಿಗೆ ಕೇಳುವುದನ್ನು ಬಿಟ್ಟ ಮೇಲೆ

ಲೈಂಗಿಕ ಅಪರಾಧಿಗಳಿಗೆ ಜೈಲಿನಲ್ಲಿ ಗುಂಪು ಚಿಕಿತ್ಸೆ ನಡೆಸುತ್ತೇನೆ ಅಂದಾಗಲೆಲ್ಲ ಜೊತೆಯವರು ಇಂಗ್ಲೆಂಡ್ ಮತ್ತು ವೇಲ್ಸ್‌ನ 2017ರ ವರದಿ ಎತ್ತುತ್ತಿದ್ದರು. ಅಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ. 10ರಷ್ಟು ಮಂದಿ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು, ಪಡೆಯದವರಲ್ಲಿ ಶೇ. 8. ಆ ಕಾರ್ಯಕ್ರಮವನ್ನೇ ಕೈಬಿಟ್ಟರು. ಕ್ಯಾಲಿಫೋರ್ನಿಯಾದ ದೊಡ್ಡ ಪ್ರಯೋಗದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. "ಇನ್ನೂ ಯಾಕೆ ಒದ್ದಾಡ್ತೀರಿ ಮೇಡಂ?" ಎಂದು ಹಿರಿಯ ಅಧಿಕಾರಿಯೊಬ್ಬರು ನೇರವಾಗಿಯೇ ಕೇಳಿದ್ದರು.

ನನ್ನ ಮೊದಲ ಎರಡು ವರ್ಷ ಅವರ ಮಾತನ್ನೇ ನಿಜ ಮಾಡಿದವು. ಪ್ರತಿಯೊಬ್ಬನೂ ಗುಂಪಿನ ಮುಂದೆ ತನ್ನ ಅಪರಾಧವನ್ನು ಬಿಡಿಬಿಡಿಯಾಗಿ ಹೇಳಬೇಕು, ಒಪ್ಪಿಕೊಳ್ಳದವನು ಹೊರಗೆ, ಇದು ನಮ್ಮ ಪದ್ಧತಿ. ಅರ್ಧದಷ್ಟು ಗಂಟೆಗಳು ಅದಕ್ಕೇ ಹೋದವು. ಮೂರನೇ ತಿಂಗಳಿಗೆ ಎಲ್ಲರೂ ಪಶ್ಚಾತ್ತಾಪದ ಭಾಷೆಯಲ್ಲಿ ಪಳಗಿದರು, ನಾವು ಅದನ್ನೇ ಬದಲಾವಣೆ ಎಂದು ಬರೆದುಕೊಂಡೆವು. ಆಗ ಸಂಶೋಧಕರಾದ ಹ್ಯಾನ್ಸನ್ ಮತ್ತು ಬ್ಯೂಸಿಯೆರ್ 1998ರಲ್ಲಿ 61 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಬರೆದದ್ದನ್ನು ಮತ್ತೆ ತೆಗೆದು ಓದಿದೆ. ನಿರಾಕರಣೆಗೂ ಮರು ಅಪರಾಧಕ್ಕೂ ಅವರಿಗೆ ನಂಟು ಕಂಡಿರಲಿಲ್ಲ. ನಂಟು ಇದ್ದದ್ದು ವಿಕೃತ ಲೈಂಗಿಕ ಆಸಕ್ತಿಗೆ, ಹಳೆಯ ಅಪರಾಧಗಳಿಗೆ, ಸಮಾಜವಿರೋಧಿ ನಡವಳಿಕೆಗೆ. ಒಪ್ಪದವರನ್ನೂ ಒಳಗೆ ಕರೆದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮತ್ತೆ ಅಪರಾಧ ಮಾಡುವ ಅಪಾಯವನ್ನು ಅಳೆಯುವ ಸ್ಟಾಟಿಕ್-99 ಮಾಪನದಲ್ಲಿ ಅಂಕ ಕಡಿಮೆ ಇದ್ದವರನ್ನೂ ಜಾಸ್ತಿ ಇದ್ದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದೆ. ಕಡಿಮೆ ಅಪಾಯದ ಒಬ್ಬ ಅಲ್ಲಿಂದ ಎಂಥ ಗೆಳೆತನ ಕಟ್ಟಿಕೊಂಡು ಹೋದ ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ. ಅಂಥವರನ್ನು ಪಟ್ಟಿಯಿಂದ ತೆಗೆದೆ. ತಲೆಗಿಷ್ಟು ಎಂದು ಅನುದಾನ ಬರುತ್ತಿದ್ದುದರಿಂದ ಹಣ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಉಳಿದದ್ದರಲ್ಲಿ ಮೂರನೇ ಒಂದು ಪಾಲನ್ನು ಮೇಲ್ವಿಚಾರಣೆಗೆ ಇಟ್ಟೆ: ಸೆಷನ್‌ಗಳ ರೆಕಾರ್ಡಿಂಗ್, ಅದನ್ನು ಕೇಳಿ ನಮ್ಮನ್ನು ತಿದ್ದಲು ಅನುಭವಿ ಮನಶ್ಶಾಸ್ತ್ರಜ್ಞೆ. ದುಂದು ಎಂದರು. ನನ್ನ ಪ್ರಕಾರ ಫಲ ಕೊಟ್ಟ ಖರ್ಚು ಇದೊಂದೇ.

ಹಾಜರಾತಿ ಕುಸಿಯುತ್ತಿದ್ದುದರ ಕಾರಣ ತಿಳಿಯಲು ವರ್ಷವೇ ಬೇಕಾಯಿತು. ಹಗಲು ಗುಂಪಿಗೆ ಬಂದವನಿಗೆ ಜೈಲಿನ ಕೆಲಸದ ಕೂಲಿ ತಪ್ಪುತ್ತಿತ್ತು, ಅಷ್ಟೇ. ಸಂಜೆಗೆ ಬದಲಿಸಿದೆ, ಬಿಟ್ಟುಹೋಗುವವರು ಬೆರಳೆಣಿಕೆಗೆ ಇಳಿದರು.

ಈಗ ಒಂದು ಗುಂಪಿಗೆ 8 ಮಂದಿ, ಇಬ್ಬರು ಥೆರಪಿಸ್ಟ್‌ಗಳು, ಒಬ್ಬೊಬ್ಬರಿಗೆ ಸುಮಾರು 200 ಗಂಟೆ. ಕೆಲಸವೆಲ್ಲ ಲೈಂಗಿಕ ಯೋಚನೆಗಳ ಹಿಡಿತ, ಒಂಟಿತನ, ಸಿಟ್ಟು, ಹೊರಗಿನ ದಿನಚರಿ ಇವುಗಳ ಮೇಲೆ. ಮೊದಲ ದಿನ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಒಳಗೆ ಗೊತ್ತಾದರೆ ಉತ್ತರ ಉರುಹೊಡೆದು ಬರುತ್ತಾರೆ. ನಡುವೆ ನಿದ್ದೆಯ ಡೈರಿ ಬರೆಸಿ ನೋಡಿದೆ. ಮರು ಅಪರಾಧದ ಬಗ್ಗೆ ಅದು ಏನೂ ಹೇಳಲಿಲ್ಲ, ಆದರೆ ನಿದ್ದೆ ಕೆಟ್ಟ ವಾರ ಯಾರು ಗುಂಪಿನಲ್ಲಿ ಸಿಡುಕುತ್ತಾರೆ ಎಂದು ಮೊದಲೇ ತಿಳಿಯತೊಡಗಿತು. ಇನ್ನೂ ಬರೆಸುತ್ತೇನೆ.

ಬಿಡುಗಡೆಯಾದವನ ಸುತ್ತ ನಾಲ್ಕೈದು ಸ್ವಯಂಸೇವಕರ ಬಳಗ ಕಟ್ಟುವುದನ್ನು ಕೆನಡಾದಿಂದ ಕಲಿತೆ, ಅಲ್ಲಿ 1994ರಲ್ಲಿ ಶುರುವಾದದ್ದು. ವಾರಕ್ಕೊಮ್ಮೆ ಭೇಟಿ. ಅವರು ಅವನ ಗೆಳೆಯರೂ ಹೌದು, ಅವನ ಮೇಲೆ ಕಣ್ಣಿಟ್ಟವರೂ ಹೌದು.

ಹೊಸ ಪದ್ಧತಿಯಲ್ಲಿ ಸುಮಾರು 70 ಮಂದಿ ಹೊರಗೆ ಹೋಗಿದ್ದಾರೆ. ಆರು ವರ್ಷದಲ್ಲಿ ಲೈಂಗಿಕ ಅಪರಾಧಕ್ಕೆ ಮರಳಿ ಬಂದವರು 3. ಹಳೆಯ ಪದ್ಧತಿಯ 40 ಚಿಲ್ಲರೆ ಮಂದಿಯಲ್ಲಿ 6 ಎಂದು ನೆನಪು. ಇಷ್ಟು ಸಣ್ಣ ಲೆಕ್ಕದಿಂದ ಯಾರ ಬಾಯಿಯನ್ನೂ ಮುಚ್ಚಿಸಲಾಗದು. ಆದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮತ್ತೆ ಲೈಂಗಿಕ ಅಪರಾಧ ಮಾಡಿದವರು ಚಿಕಿತ್ಸೆ ಪಡೆದವರಲ್ಲಿ ಶೇ. 9.5, ಪಡೆಯದವರಲ್ಲಿ 14.1, ಮನಶ್ಶಾಸ್ತ್ರಜ್ಞರು ಉದ್ದಕ್ಕೂ ಜೊತೆಗಿದ್ದ ಕಡೆ, ಸಿಬ್ಬಂದಿಗೆ ಮೇಲ್ವಿಚಾರಣೆ ಇದ್ದ ಕಡೆ ಫಲ ಹೆಚ್ಚು. ನನ್ನ ಖರ್ಚನ್ನು ದುಂದು ಎಂದವರಿಗೆ ಅದರ ಪ್ರತಿಯನ್ನು ನಾನೇ ಒಯ್ದು ಕೊಟ್ಟೆ.

ಆ ಮೂವರ ಫೈಲುಗಳನ್ನು ಎಷ್ಟು ಸಲ ಓದಿದ್ದೇನೋ. ಒಬ್ಬೊಬ್ಬನ ಹಿಂದೆಯೂ ನೊಂದ ಒಂದು ಜೀವವಿದೆ. ಮೂವರಲ್ಲಿ ಇಬ್ಬರಿಗೆ ಹೊರಗೆ ಬಳಗ ಕಟ್ಟಿಕೊಡಲು ನಮ್ಮಿಂದ ಆಗಿರಲಿಲ್ಲ. ಆ ವರ್ಷ ಹಣ ಮುಗಿದಿತ್ತು.