ಶಕ್ತಿ ಬ್ಯಾಂಡ್‌ನ ಆಲ್ಬಮ್‌ಗಳು, ಈ ಸಲ ಘಟದ ಬೆನ್ನು ಹತ್ತಿ

ಗಿಟಾರ್ ಕಲಿಯುತ್ತಿದ್ದ ದಿನಗಳಲ್ಲಿ ನನಗೆ ಜಾಝ್ ಮತ್ತು ಭಾರತೀಯ ಸಂಗೀತ ಬೆರೆಸಿ ನುಡಿಸುವ ಶಕ್ತಿ ಬ್ಯಾಂಡ್ ಅಂದರೆ ಅದರ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಒಬ್ಬರೇ. ಅವರ ಬೆರಳಿನ ವೇಗಕ್ಕೆ ಮರುಳಾಗಿ ಅದದೇ ಭಾಗ ಹಾಕಿಕೊಂಡು ಕೂರುತ್ತಿದ್ದೆ. ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟದ ಕಡೆ ಗಮನವೇ ಹೋಗುತ್ತಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಜಾಕಿರ್ ಹುಸೇನ್ ತೀರಿಕೊಂಡರು. ಆಮೇಲೆ ಎಪ್ಪತ್ತರ ದಶಕದ ಮೂರೂ ಆಲ್ಬಮ್‌ಗಳನ್ನು ಮೊದಲಿಂದ ಕೇಳಲು ಕೂತೆ.

ದಿನಕ್ಕೆ ಒಂದೇ ಆಲ್ಬಮ್, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ. ಗಿಟಾರ್ ಬಿಟ್ಟು ಇನ್ನೊಂದು ವಾದ್ಯದ ಬೆನ್ನು ಹತ್ತಬೇಕು ಅಂತ ನಿಯಮ ಮಾಡಿಕೊಂಡೆ. ಮೊದಲು ಘಟವನ್ನೇ ಆರಿಸಿದೆ.

ಮೊದಲ ಆಲ್ಬಮ್ 1975ರ ಕಛೇರಿಯ ರೆಕಾರ್ಡಿಂಗ್. ಶುರುವಿನ ತುಣುಕೇ 18 ನಿಮಿಷ. ಮೂರು ನಿಮಿಷ ಆಗುವಷ್ಟರಲ್ಲಿ ಕಿವಿ ಗಿಟಾರ್ ಕಡೆಗೇ ಜಾರಿತು. ವಾಪಸ್ ಎಳೆದುಕೊಂಡು ಬಂದೆ, ಮತ್ತೆ ಜಾರಿತು. ಅದರಲ್ಲಿ ರಾಮ್ನಾಡ್ ರಾಘವನ್ ಅವರ ಮೃದಂಗವೂ ಇದೆ. ಮೂರು ಲಯವಾದ್ಯಗಳ ನಡುವೆ ಘಟವನ್ನು ಹಿಡಿಯುವುದು ನನಗೆ ಕಷ್ಟವಾಯಿತು.

ಎರಡನೇ ಆಲ್ಬಮ್ 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ'ಯಲ್ಲಿ ಮೃದಂಗ ಇಲ್ಲ. ಶುರುವಾಗುವುದೇ ಕೊನ್ನಕ್ಕೋಲಿನಿಂದ, ಅಂದರೆ ಲಯದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದರಿಂದ. ಬಾಯಲ್ಲಿ ಸೊಲ್ಲು ಕೇಳಿದ ಮೇಲೆ ಅದೇ ಸೊಲ್ಲು ಮಣ್ಣಿನ ಮಡಕೆ ಮೇಲೆ ಹೇಗೆ ಬೀಳುತ್ತದೆ ಅಂತ ಕಿವಿ ತಾನಾಗಿ ಹುಡುಕತೊಡಗಿತು. ಆಗ ಹೊಳೆಯಿತು: ಈ ಬ್ಯಾಂಡ್‌ನಲ್ಲಿ ತಗ್ಗಿನ ಸ್ವರ ನುಡಿಸುವ ಬೇಸ್ ಗಿಟಾರೇ ಇಲ್ಲ ಅಲ್ವಾ! ಆದರೂ ಕೆಳಗಿಂದ 'ಗುಂ' ಅಂತ ಒಂದು ನಾದ ಬರುತ್ತಲೇ ಇರುತ್ತದೆ. ಅದೆಲ್ಲ ತಬಲಾದ ಎಡಗೈ ಅಂದುಕೊಂಡಿದ್ದೆ. ಅದರಲ್ಲಿ ಎಷ್ಟೋ ಪಾಲು ಘಟದ್ದು. ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಸ್ವಲ್ಪ ಸಡಿಲಿಸಿ ನುಡಿಸಿದಾಗ ಒಳಗಿನ ಗಾಳಿಯ ದನಿ ಬದಲಾಗುತ್ತದೆ. ನಾದ ಬಾಗಿದಂತೆ ಕೇಳಿಸುತ್ತದೆ. ಅದೊಂದು ಸಿಕ್ಕಿದ ಮೇಲೆ ಆಲ್ಬಮ್ ಪೂರ್ತಿ ಬೇರೆಯಾಯಿತು. ಅವತ್ತು ಅದನ್ನೇ ಎರಡು ಸಲ ಕೇಳಿದೆ, ನಿಯಮ ಮುರಿದು.

ಗಿಟಾರ್ ಕೂಡ ಹೊಸದಾಗಿ ಕೇಳಿಸಿತು. ಮೆಕ್‌ಲಾಫ್ಲಿನ್ ಅವರಿಗಾಗಿಯೇ ಮಾಡಿಸಿದ ಆ ಗಿಟಾರ್‌ನಲ್ಲಿ ಮಾಮೂಲಿ ಆರು ತಂತಿಗಳ ಅಡಿಯಲ್ಲಿ ಓರೆಯಾಗಿ ಇನ್ನೂ ಏಳು ತಂತಿ ಇವೆ. ವೇಗದ ಜಾಗದಲ್ಲಿ ಅವು ಮುಚ್ಚಿಹೋಗುತ್ತವೆ. ನಿಧಾನದ ತುಣುಕುಗಳಲ್ಲಿ ಸ್ವರ ನಿಂತ ಮೇಲೂ ಅವು ನಡುಗುತ್ತಾ ಉಳಿಯುತ್ತವೆ. ನಾನು ಮೊದಲು ಮುಂದಕ್ಕೆ ಓಡಿಸುತ್ತಿದ್ದುದು ಇದೇ ಜಾಗಗಳನ್ನು.

1977ರ 'ನ್ಯಾಚುರಲ್ ಎಲಿಮೆಂಟ್ಸ್' ಮಾತ್ರ ಈಗಲೂ ಅಷ್ಟು ಹಿಡಿಸಲಿಲ್ಲ. ತುಣುಕುಗಳು ಚಿಕ್ಕವು, ಘಟಕ್ಕೆ ಉಸಿರಾಡಲು ಜಾಗ ಸಾಲದು ಅನ್ನಿಸುತ್ತದೆ.

ಈಗ ಪಿಟೀಲಿನ ಸರದಿ. ಮೊದಲ ಆಲ್ಬಮ್‌ನಲ್ಲಿ ಅದು ಗಿಟಾರ್ ಜೊತೆ ಒಂದೇ ಸ್ವರದಲ್ಲಿ ಓಡುವ ಕಡೆ ಯಾವುದು ಯಾವುದು ಅಂತ ಬಿಡಿಸಿಕೊಳ್ಳಲು ನನಗಿನ್ನೂ ಆಗಿಲ್ಲ.