ಹೊಸ ಮೇಲ್ ಸರ್ವರ್‌ನ ಲಾಗ್ ಓದಲು ಕಲಿತದ್ದು: ನನ್ನ ಅನುಭವ

ನಮ್ಮ ಪತ್ತಿನ ಸಹಕಾರ ಸಂಘಕ್ಕೆ ನಾನೇ ಮೇಲ್ ಸರ್ವರ್ ಸ್ಥಾಪಿಸುತ್ತೇನೆಂದು ಹೇಳಿದಾಗ, ಈ ಕೆಲಸದಲ್ಲಿ ನನಗಿಂತ ಹಿರಿಯರಾದ ಇಬ್ಬರು ಗೆಳೆಯರು, ಮೂರು ತಿಂಗಳೊಳಗೆ ಹಳೆಯ ಸೇವೆಗೇ ಮರಳುತ್ತೀರಿ ಎಂದಿದ್ದರು. ಈಗ 14 ತಿಂಗಳಾಗಿದೆ, ಸರ್ವರ್ ನಡೆಯುತ್ತಿದೆ. ಮೊದಲು 40 ಖಾತೆಗಳಿಗೆ ತಿಂಗಳಿಗೆ ಸುಮಾರು 5,000 ರೂಪಾಯಿ ಕೊಡುತ್ತಿದ್ದೆವು. ಈಗ 2 ಜಿಬಿ ಮೆಮೊರಿಯ ವಿಪಿಎಸ್‌ಗೆ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್‌ಗೆ) ಬ್ಯಾಕಪ್ ಸೇರಿ 800ರ ಆಸುಪಾಸು ಆಗುತ್ತದೆ. ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಪತ್ರಗಳನ್ನು ಸ್ವೀಕರಿಸಿ ಕಳುಹಿಸುವ ತಂತ್ರಾಂಶ) ಮತ್ತು ಡವ್‌ಕಾಟ್ (ಅವನ್ನು ಖಾತೆಗಳಲ್ಲಿಟ್ಟು ಓದಲು ಕೊಡುವ ತಂತ್ರಾಂಶ) ಹಾಕುವುದು ಎಲ್ಲರಿಗೂ ಗೊತ್ತಿರುವ ಕೆಲಸವಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ವಾರಗಳಲ್ಲಿ ಲಾಗ್‌ನಲ್ಲಿ (ಸರ್ವರ್ ತಾನೇ ಬರೆದಿಡುವ ದಿನಚರಿಯಲ್ಲಿ) ಕಂಡ ಅನಿರೀಕ್ಷಿತ ಚಟುವಟಿಕೆಯನ್ನು ಹೇಗೆ ಅರ್ಥಮಾಡಿಕೊಂಡೆ ಎಂಬುದಷ್ಟೇ ಇಲ್ಲಿನ ವಿಷಯ.

ವಿಳಾಸವನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಆದರೂ ಮೊದಲ ರಾತ್ರಿಯೇ ಲಾಗಿನ್ ವಿಫಲವಾದ ಸಾಲುಗಳು ಒಂದೂವರೆ ಸಾವಿರದಷ್ಟು ಬಿದ್ದಿದ್ದವು. ಅವುಗಳ ಕೊನೆಯಲ್ಲಿ ಯುಜಿಎಫ್‌ಝಡ್ ಎಂದು ಆರಂಭವಾಗುವ ಅಕ್ಷರಮಾಲೆಯೊಂದು ಪ್ರತಿಸಲವೂ ಬರುತ್ತಿತ್ತು. ಅದನ್ನು ನೋಡಿದ ನನ್ನ ಸಹಾಯಕ, ಯಾರದೋ ಪಾಸ್‌ವರ್ಡ್ ಸೋರಿಹೋಗಿದೆ ಎಂದು ಹೆದರಿ, ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡೋಣ ಎಂದ. ಅದು ಬೇಸ್64, ಅಂದರೆ ಪಠ್ಯವನ್ನು ಬೇರೆ ಅಕ್ಷರಗಳಲ್ಲಿ ಬರೆಯುವ ಒಂದು ಕ್ರಮ; ಬಿಡಿಸಿ ನೋಡಿದರೆ ಅದು ‘ಪಾಸ್‌ವರ್ಡ್:’ ಎಂಬ ಪದ ಮಾತ್ರ; ನಮ್ಮ ಸರ್ವರೇ ಎದುರಿನವರಿಗೆ ಕೇಳಿದ ಪ್ರಶ್ನೆ.

ಆಗ ನಾನು ಕೈಗೊಂಡ ಕ್ರಮವನ್ನೇ ಗೆಳೆಯರು ಕಾಲಹರಣವೆಂದದ್ದು. ಸಂಘದ ಖಾತೆಗಳನ್ನು ಸ್ಥಳಾಂತರಿಸದೆ, ಎರಡೇ ಪರೀಕ್ಷಾ ಖಾತೆಗಳನ್ನಿಟ್ಟು ಹತ್ತು ದಿನ ಸರ್ವರನ್ನು ಹಾಗೆಯೇ ಬಿಟ್ಟೆ. ಯಾರೂ ಬಳಸದ ಸರ್ವರ್‌ಗೆ ಬರುವುದೆಲ್ಲವೂ ಹೊರಗಿನ ಗದ್ದಲವೇ ಆಗಿರಬೇಕಾದ್ದರಿಂದ, ಆ ಗದ್ದಲ ದಿನಕ್ಕೆ ಎಷ್ಟೆಂದು ಮೊದಲು ಎಣಿಸಿಟ್ಟುಕೊಂಡರೆ, ಮುಂದೆ ಅದರ ಮೇಲೆ ಏನು ಎದ್ದರೂ ಗುರುತಿಸಬಹುದೆಂಬುದು ನನ್ನ ಲೆಕ್ಕವಾಗಿತ್ತು. ನೆನಪಿನಿಂದ ಹೇಳುವುದಾದರೆ, 25ನೇ ಪೋರ್ಟ್‌ಗೆ (ಬೇರೆ ಸರ್ವರ್‌ಗಳಿಂದ ಪತ್ರ ಬರುವ ಬಾಗಿಲಿಗೆ) ದಿನಕ್ಕೆ ಸುಮಾರು 4,000 ಸಂಪರ್ಕಗಳು ಬರುತ್ತಿದ್ದವು. ಅದರಲ್ಲಿ ಮುಕ್ಕಾಲು ಪಾಲು ಪಾಸ್‌ವರ್ಡ್ ಊಹಿಸುವವರದು. ಕೆಲವರು ನಮ್ಮ ಮೂಲಕ ಬೇರೆಡೆಗೆ ಮೇಲ್ ದಾಟಿಸಬಹುದೇ ಎಂದು ಪರೀಕ್ಷಿಸಿ ರಿಲೇ ನಿರಾಕರಣೆ ಪಡೆದು ಹೋಗುತ್ತಿದ್ದರು. ಇನ್ನು ಕೆಲವರು ಮೇಲ್ ಪೋರ್ಟ್‌ಗೆ ಬಂದು ವೆಬ್ ಪುಟವನ್ನು ಕೇಳುತ್ತಿದ್ದರು.

ಊಹಿಸುವವರನ್ನು ಮೊದಲು ಫೇಲ್‌2ಬ್ಯಾನ್‌ನಿಂದ (ಪದೇ ಪದೇ ವಿಫಲವಾಗುವ ಐಪಿ ವಿಳಾಸಗಳನ್ನು ನಿಷೇಧಿಸುವ ತಂತ್ರಾಂಶದಿಂದ) ತಡೆಯಲು ಹೋಗಿ ಸೋತೆ. ಒಂದು ಐಪಿ ಒಂದೆರಡು ಸಲ ಯತ್ನಿಸಿ ಮರೆಯಾಗುತ್ತಿತ್ತು, ಮುಂದಿನ ಯತ್ನ ಮತ್ತೊಂದರಿಂದ ಬರುತ್ತಿತ್ತು. ನಿಷೇಧದ ಪಟ್ಟಿ ಸಾವಿರಗಳಿಗೆ ಬೆಳೆದರೂ ಯತ್ನಗಳ ಸಂಖ್ಯೆ ಇಳಿಯಲಿಲ್ಲ. ಕೆಲಸ ಮಾಡಿದ್ದು ತೀರ ಸರಳವಾದ ಬದಲಾವಣೆ: 25ನೇ ಪೋರ್ಟ್‌ನಲ್ಲಿ ಲಾಗಿನ್ ಸೌಲಭ್ಯವನ್ನೇ ತೆಗೆದು, ಅದನ್ನು ಬಳಕೆದಾರರು ಪತ್ರ ಕಳುಹಿಸುವ 587 ಮತ್ತು 465ನೇ ಪೋರ್ಟ್‌ಗಳಲ್ಲಿ ಮಾತ್ರ ಉಳಿಸಿದೆ. 25ನೇ ಪೋರ್ಟ್‌ನ ಮುಂದೆ ಪೋಸ್ಟ್‌ಫಿಕ್ಸ್‌ನದೇ ಕಾವಲು ಭಾಗವಾದ ಪೋಸ್ಟ್‌ಸ್ಕ್ರೀನ್ ಕೂರಿಸಿದೆ. ಅದು ಸ್ವಾಗತದ ಸಾಲನ್ನು ಪೂರ್ತಿಗೊಳಿಸಲು ಆರು ಸೆಕೆಂಡು ತಡೆಯುತ್ತದೆ. ಆ ತಾಳ್ಮೆಯಿಲ್ಲದೆ ಮೊದಲೇ ಮಾತಾಡಿಬಿಡುವ ಯಂತ್ರಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಒಳಗಿನ ಪ್ರಕ್ರಿಯೆಯವರೆಗೆ ತಲುಪುವ ಸಂಪರ್ಕಗಳು ದಿನಕ್ಕೆ 300ಕ್ಕೆ ಇಳಿದವು.

ನಡುವೆ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಯಾರಿಗೂ ಹೇಳದ ಹೆಸರು ಇವರಿಗೆ ಹೇಗೆ ತಿಳಿಯಿತೆಂಬುದು ನನ್ನನ್ನು ಕಾಡುತ್ತಿತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಇನ್ನೊಂದು ವಿಪಿಎಸ್ ತೆಗೆದುಕೊಂಡು, ಎರಡು ದಿನ ಟಿಎಲ್‌ಎಸ್ ಪ್ರಮಾಣಪತ್ರವಿಲ್ಲದೆ (ಗೂಢಲಿಪಿ ಸಂಪರ್ಕಕ್ಕೆ ಬೇಕಾದ, ಡೊಮೇನ್ ಹೆಸರಿರುವ ದಾಖಲೆಯಿಲ್ಲದೆ) ಇಟ್ಟೆ. ಆಗ ಬಂದವರು ಬರೀ ಐಪಿಗಳನ್ನು ಸಾಲಾಗಿ ತಡಕುವವರು. ಮೂರನೆಯ ದಿನ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದ ಕೆಲವೇ ನಿಮಿಷಗಳಲ್ಲಿ ಡೊಮೇನ್ ಹೆಸರನ್ನೇ ಹಿಡಿದು ವಿನಂತಿಗಳು ಬರತೊಡಗಿದವು. ಇಂತಹ ಪ್ರಮಾಣಪತ್ರಗಳೆಲ್ಲ ಸಾರ್ವಜನಿಕ ದಾಖಲೆಗೆ ಸೇರುತ್ತವೆ, ಆ ದಾಖಲೆಯನ್ನು ಯಾರು ಬೇಕಾದರೂ ಓದಬಹುದು. ಇದಕ್ಕಾಗಿ ಕೈಯಿಂದ 90 ರೂಪಾಯಿ ಹೋಯಿತು, ಅನುಮಾನವೊಂದು ತೀರಿತು.

ನಿಜವಾದ ತಪ್ಪು ನನ್ನದೇ ಆಗಿತ್ತು, ಮತ್ತು ಅದು ಲಾಗಿನ್ ಸಾಲುಗಳಲ್ಲಿ ಇರಲಿಲ್ಲ. ಎಂಟನೆಯ ದಿನ, ಕಾದಿರುವ ಪತ್ರಗಳ ಸಾಲನ್ನು (ಕ್ಯೂ) ತೋರಿಸುವ ಮೇಲ್‌ಕ್ಯೂ ಆಜ್ಞೆ ಕೊಟ್ಟರೆ 1,800 ಪತ್ರಗಳು ಹೊರಹೋಗಲು ಕಾದಿದ್ದವು. ಯಾರೂ ಬಳಸದ ಸರ್ವರ್‌ನಿಂದ ಇಷ್ಟು ಪತ್ರಗಳು ಹೊರಡಬೇಕಾದರೆ ಒಳಗೆ ಯಾರೋ ನುಗ್ಗಿದ್ದಾರೆ ಎಂದೇ ಭಾವಿಸಿ ಅರ್ಧ ರಾತ್ರಿ ಪ್ರಕ್ರಿಯೆಗಳನ್ನು ಜಾಲಾಡಿದೆ. ಕೊನೆಗೆ ಒಂದೇ ಒಂದು ಪತ್ರದ ಕ್ಯೂ ಐಡಿ (ಆ ಸಾಲಿನಲ್ಲಿ ಅದರ ಗುರುತು) ಹಿಡಿದು ಲಾಗ್‌ನಲ್ಲಿ ಹಿಂದಕ್ಕೆ ಹೋದಾಗ ಕಥೆ ತಿಳಿಯಿತು. ಎಲ್ಲದರ ಕಳುಹಿಸಿದವರ ಜಾಗವೂ ಖಾಲಿ. ಅಂದರೆ ಎಲ್ಲವೂ ಬೌನ್ಸ್ ಪತ್ರಗಳು (ಪತ್ರ ತಲುಪಲಿಲ್ಲವೆಂದು ಕಳುಹಿಸಿದವರಿಗೆ ಹೋಗುವ ಸೂಚನೆಗಳು). ಹಳೆಯ ಸಂರಚನೆಯೊಂದನ್ನು ನಕಲು ಮಾಡುವಾಗ ಮೇಲ್‌ಬಾಕ್ಸ್‌ಗಳ ನಕ್ಷೆಯ (ಯಾವ ಖಾತೆಗಳಿವೆ ಎಂಬ ಪಟ್ಟಿಯ) ಸಾಲನ್ನು ಖಾಲಿ ಬಿಟ್ಟಿದ್ದೆ. ಹೀಗಾಗಿ ಪೋಸ್ಟ್‌ಫಿಕ್ಸ್ ನಮ್ಮ ಡೊಮೇನ್‌ನ ಯಾವ ಹೆಸರಿಗೆ ಪತ್ರ ಬಂದರೂ ಬಾಗಿಲಲ್ಲೇ ನಿರಾಕರಿಸದೆ ಸ್ವೀಕರಿಸುತ್ತಿತ್ತು. ಡವ್‌ಕಾಟ್ ಅಂಥ ಖಾತೆಯಿಲ್ಲ ಎಂದಾಗ, ಸ್ಪ್ಯಾಮಿನವರು ನಮೂದಿಸಿದ್ದ ಸುಳ್ಳು ವಿಳಾಸಗಳಿಗೆ ಬೌನ್ಸ್ ಬರೆದು, ತಲುಪದಿದ್ದರೆ ಐದು ದಿನ ಮತ್ತೆ ಮತ್ತೆ ಯತ್ನಿಸುತ್ತಿತ್ತು. ನಕ್ಷೆಯನ್ನು ಸರಿಪಡಿಸಿ ಕ್ಯೂ ಅಳಿಸಿದೆ. ಅಷ್ಟರಲ್ಲಿ ನಮ್ಮ ಐಪಿ ಒಂದು ತಡೆಪಟ್ಟಿಗೆ (ಸ್ಪ್ಯಾಮ್ ಕಳುಹಿಸುವುದೆಂದು ಗುರುತಾದ ಐಪಿಗಳ ಪಟ್ಟಿಗೆ) ಸೇರಿಯಾಗಿತ್ತು. ಅದು ಬಿಡುವವರೆಗೆ ಹೊರಹೋಗುವ ಪತ್ರಗಳಿಗೆ ಬೇರೆ ರಿಲೇ ಸೇವೆ ಹಿಡಿದು ಒಂದು ತಿಂಗಳಿಗೆ 1,500 ರೂಪಾಯಿ ತೆತ್ತೆವು.

ಖಾತೆಗಳನ್ನು ಸ್ಥಳಾಂತರಿಸಿದ ವಾರ ಇನ್ನೊಂದು ಪೆಟ್ಟು ಬಿತ್ತು. ನಮಗೆ ಬರುವ ಸ್ಪ್ಯಾಮ್ ತಡೆಯಲು, ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವ ವ್ಯವಸ್ಥೆ) ಮೂಲಕ ವಿಚಾರಿಸುವ ತಡೆಪಟ್ಟಿಯೊಂದನ್ನು ಜೋಡಿಸಿದ ಮೇಲೆ ಮಧ್ಯಾಹ್ನದವರೆಗೆ ಒಂದೂ ಪತ್ರ ಒಳಗೆ ಬರಲಿಲ್ಲ. ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಮೂಲಕ ಕೇಳಿದ್ದಕ್ಕೆ ಆ ಪಟ್ಟಿಯು 127.255.255.254 ಎಂಬ ದೋಷಸೂಚಕ ಉತ್ತರ ಕೊಡುತ್ತಿತ್ತು, ಪೋಸ್ಟ್‌ಫಿಕ್ಸ್ ಅದನ್ನು ‘ಪಟ್ಟಿಯಲ್ಲಿದ್ದಾರೆ’ ಎಂದೇ ಓದಿಕೊಂಡು ಎಲ್ಲರನ್ನೂ ತಿರಸ್ಕರಿಸುತ್ತಿತ್ತು. ಅನ್‌ಬೌಂಡ್ ತಂತ್ರಾಂಶ ಹಾಕಿ ಸ್ವಂತ ರಿಸಾಲ್ವರ್ ಮಾಡಿಕೊಂಡೆ, ಯಾವ ಉತ್ತರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದೂ ನಿಗದಿಪಡಿಸಿದೆ. ಸಾಲದ ಅರ್ಜಿಗಳು ಹಿಂದಿರುಗಿದ ಸದಸ್ಯರಿಗೆ ಅಧ್ಯಕ್ಷರೇ ಫೋನ್ ಮಾಡಿ ವಿವರಿಸಬೇಕಾಯಿತು. ಆ ದಿನವನ್ನು ನಾನು ಮರೆತಿಲ್ಲ.

ಹತ್ತು ದಿನಗಳ ಆ ಎಣಿಕೆಗೆ ನಿಜವಾದ ಬೆಲೆ ಬಂದದ್ದು ಐದನೆಯ ತಿಂಗಳಲ್ಲಿ. ಸಹಜ ಪ್ರಮಾಣವನ್ನು ಎಣಿಸಿಟ್ಟುಕೊಳ್ಳುವ ಅದೇ ಲೆಕ್ಕದಲ್ಲಿ, ಪ್ರತಿ ಖಾತೆಯಿಂದ ಗಂಟೆಗೆ ಎಷ್ಟು ಪತ್ರಗಳು ಹೊರಡುತ್ತವೆ ಎಂಬುದನ್ನು ಒಂದು ಚಿಕ್ಕ ಸ್ಕ್ರಿಪ್ಟ್ ಎಣಿಸುತ್ತಿರುತ್ತದೆ. ಅದರ ಮಿತಿಗಳನ್ನೂ, ಬಲೆಯಾಗಿ ಇಟ್ಟಿರುವ ಎರಡು ಖಾತೆಗಳ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಬಹಿರಂಗವಾದರೆ ಅವು ಉಪಯೋಗಕ್ಕೆ ಬಾರವು. ಲೆಕ್ಕಪತ್ರ ವಿಭಾಗದ ಒಂದು ಖಾತೆಯಿಂದ ದಿನಕ್ಕೆ ಇಪ್ಪತ್ತು ಪತ್ರ ಹೋಗುವುದೇ ಹೆಚ್ಚು. ಒಂದು ಭಾನುವಾರ ಬೆಳಗಿನ ಜಾವ ಅದೇ ಖಾತೆಯಿಂದ ಹತ್ತು ನಿಮಿಷಗಳಲ್ಲಿ 60 ಪತ್ರಗಳು ಹೊರಡಲು ಬಂದವು. ಸ್ಕ್ರಿಪ್ಟ್ ಖಾತೆಯನ್ನು ತಡೆಹಿಡಿದು ನನ್ನ ಫೋನ್‌ಗೆ ಸಂದೇಶ ಕಳುಹಿಸಿತು. ಈ ಸಲ ಲಾಗಿನ್ ಸಾಲಿನಲ್ಲಿ ‘ವಿಫಲ’ ಎಂಬ ಪದ ಇರಲೇ ಇಲ್ಲ, ಸರಿಯಾದ ಪಾಸ್‌ವರ್ಡ್‌ನಿಂದಲೇ ಒಳಬಂದಿದ್ದರು; ಆ ನೌಕರರು ಅದೇ ಪಾಸ್‌ವರ್ಡನ್ನು ಬೇರೆಡೆಯೂ ಬಳಸಿದ್ದರು. ಕ್ಯೂನಲ್ಲಿ ಸಿಕ್ಕಿದ್ದ 48 ಪತ್ರಗಳನ್ನು ಅಳಿಸಿದೆ, ಹೊರಗೆ ಹೋದದ್ದು 12. ಆ ಸಲ ಐಪಿ ಯಾವ ತಡೆಪಟ್ಟಿಗೂ ಸೇರಲಿಲ್ಲ.