ಗೋಡಂಬಿ ಅಲರ್ಜಿ ಇರುವ ಮಗನ ಜೊತೆ ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ದಿನ

ನನ್ನ ಮಗನಿಗೆ ಗೋಡಂಬಿ ಆಗಲ್ಲ, ಪಿಸ್ತಾನೂ ಆಗಲ್ಲ. ಎರಡರ ಪ್ರೋಟೀನ್ ಒಂದಕ್ಕೊಂದು ತುಂಬಾ ಹತ್ತಿರ. ಒಂದು ಆಗದವರಿಗೆ ಸಾಮಾನ್ಯವಾಗಿ ಇನ್ನೊಂದೂ ಆಗುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಹೋಟೆಲಿನಲ್ಲಿ ಪಾಯಸದಿಂದ ಗೋಡಂಬಿ ಎತ್ತಿಟ್ಟು "ಈಗ ಕೊಡಿ, ಏನೂ ಆಗಲ್ಲ" ಅಂದರು. ಕೊಟ್ಟೆ. ಹತ್ತೇ ನಿಮಿಷದಲ್ಲಿ ತುಟಿ ಊದಿತು, ಮೈಯೆಲ್ಲ ದದ್ದು, ಉಸಿರಾಡಲು ಕಷ್ಟ. ಆಸ್ಪತ್ರೆಗೆ ಓಡಿದೆವು. ಗೋಡಂಬಿ ತೆಗೆದರೂ ಅದನ್ನು ಹುರಿದ ತುಪ್ಪ ಪಾಯಸದಲ್ಲೇ ಇತ್ತಲ್ವಾ? ಅದು ಹೊಳೆದಿದ್ದು ಆಮೇಲೆ.

ಹಾಗಾಗಿ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗೋಣ ಅಂದಾಗ ನನಗೆ ಊಟದ್ದೇ ಚಿಂತೆ. ಕೂತು ಉಣ್ಣುವ ರೆಸ್ಟೋರೆಂಟುಗಳಲ್ಲಿ 60 ದಿನ ಮೊದಲೇ ಟೇಬಲ್ ಬುಕ್ ಮಾಡಬಹುದು. ಅಲ್ಲೇ ಅಲರ್ಜಿ ಅಂತ ಗುರುತು ಹಾಕಿದೆ. ಆದರೆ ಹಾಕಿದ್ದೀನಲ್ಲ ಅಂತ ಸುಮ್ನೆ ಕೂರಲಿಲ್ಲ. ಬಾಗಿಲಲ್ಲಿ ಹೆಸರು ಕೇಳುವವರಿಗೆ ಒಂದು ಸಲ, ಆರ್ಡರ್ ಬರೆದುಕೊಳ್ಳುವವರಿಗೆ ಒಂದು ಸಲ, ತಟ್ಟೆ ತಂದವರಿಗೆ ಮತ್ತೊಂದು ಸಲ ಹೇಳಿದೆ. ಅಲರ್ಜಿಯವರಿಗೆ ಬೇರೆ ಮೆನು ಇರುತ್ತದೆ, ಕೇಳಬೇಕು. ಕೌಂಟರ್ ಊಟಕ್ಕಾದರೆ ಅವರ ಆ್ಯಪಿನಲ್ಲೇ ಸಿಗುತ್ತದೆ.

ಜಾಸ್ತಿ ಹೆದರಿಕೆ ಆಗಿದ್ದು ಬಫೆಯಲ್ಲಿ. ನಮ್ಮ ಮುಂದಿದ್ದ ಒಂದು ಪುಟ್ಟ ಹುಡುಗಿ ಒಂದು ಪಾತ್ರೆಯ ಸೌಟನ್ನು ಪಕ್ಕದ ಪಾತ್ರೆಗೆ ಹಾಕಿದ್ದನ್ನು ಕಣ್ಣಾರೆ ಕಂಡೆ. ಪಾತ್ರೆ ಮುಂದಿನ ಚೀಟಿಯಲ್ಲಿ ಏನು ಬರೆದಿದ್ದರೆ ಏನು ಬಂತು? ಶೆಫ್ ಅವರನ್ನು ಕರೆಸಿ, "ಇವನಿಗೆ ಮಾತ್ರ ಒಳಗಿಂದಲೇ ಮಾಡಿಕೊಡಿ" ಅಂತ ಕೇಳಿಕೊಂಡೆ. ಫ್ರೈಸ್ ಕರಿಯುವ ಎಣ್ಣೆಯಲ್ಲಿ ಬೇರೆ ಏನೇನು ಕರಿಯುತ್ತೀರಿ, ತವಾ ಬೇರೆಯಾ, ಗ್ಲೌಸ್ ಬದಲಾಯಿಸುತ್ತೀರಾ ಅಂತಲೂ ಕೇಳಿದೆ. ಅವರು ಒಂದೊಂದಕ್ಕೂ ನಿಂತು ಉತ್ತರ ಕೊಟ್ಟರು. ಆಮೇಲೆ ಬೇರೆ ತಟ್ಟೆಯಲ್ಲಿ ಬಿಸಿಬಿಸಿ ಮಿಕ್ಕಿ ಮೌಸ್ ವಾಫಲ್ ಬಂತು. ಮಗ ಮೊದಲು ಕಿವಿ ಮುರಿದು ತಿಂದ.

"ಎಷ್ಟು ಸಲ ಕೇಳ್ತೀಯಮ್ಮಾ, ಪಾಪ ಅವರಿಗೂ ಕೆಲಸ ಇರುತ್ತೆ" ಅಂದರು ನಮ್ಮತ್ತೆ. "ಪಾಯಸದ ದಿನ ನೆನಪಿದೆ ಅಲ್ವಾ ಅತ್ತೆ?" ಅಂದೆ. ಮಾರನೇ ದಿನದಿಂದ "ಎಣ್ಣೆ ವಿಷಯ ಕೇಳಿದೆಯಾ?" ಅಂತ ಅವರೇ ನೆನಪಿಸತೊಡಗಿದರು.

ಎಪಿನೆಫ್ರಿನ್ ಪೆನ್ (ಅಲರ್ಜಿ ಜೋರಾದಾಗ ತಕ್ಷಣ ಚುಚ್ಚುವ ಇಂಜೆಕ್ಷನ್) ಎರಡು, ಸದಾ ನನ್ನ ಹೆಗಲ ಚೀಲದಲ್ಲಿ. ಒಂದು ಸಾಲದೆ ಹೋಗಬಹುದು, ಅದಕ್ಕೇ ಎರಡು. ಫ್ಲೋರಿಡಾದ ಬಿಸಿಲಿಗೆ ಕಾರಿನಲ್ಲಿ ಬಿಟ್ಟರೆ ಔಷಧಿ ಕೆಡುತ್ತದೆ. ಉಸಿರು ಕಟ್ಟಿದರೆ ತೊಡೆಯ ಹೊರಭಾಗಕ್ಕೆ, ಬಟ್ಟೆ ಮೇಲಿಂದಲೇ ಚುಚ್ಚಿ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಬೇಕು. ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತಾ ಕೂರಬಾರದು. ಇದನ್ನು ಅತ್ತೆಗೂ ಕಲಿಸಿದ್ದೆ.

ಕೊನೆಯ ರಾತ್ರಿ ಒಂದು ಕಡೆ ಶೆಫ್ ಹೊರಗೆ ಬಂದು, "ನೀವು ಕೇಳಿದ ಸಿಹಿ ನಮ್ಮಲ್ಲಿ ಇವನಿಗೆ ಕೊಡುವಂತಿಲ್ಲ, ಕ್ಷಮಿಸಿ" ಅಂದರು. ನಾಲ್ಕು ದಿನದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಮಾತು ಅದು. ಗೊತ್ತಿಲ್ಲದೆ "ಆಗುತ್ತೆ" ಅನ್ನಲಿಲ್ಲವಲ್ಲ. ಪಾರ್ಕಿಗೆ ನಮ್ಮ ತಿಂಡಿ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ ಚೀಲದಿಂದ ಸಕ್ಕರೆ ಸುತ್ತಿದ ಚಪಾತಿ ತೆಗೆದುಕೊಟ್ಟರು. ಅವನು ಅದನ್ನು ತಿನ್ನುತ್ತಲೇ ಪಟಾಕಿ ನೋಡಿದ.